ಮೆಥಡ್‌ಗೆ ಹೆಸರಿಡುವಾಗ ಯಾರ ಕಡೆಯಿಂದ ನೋಡಬೇಕು?

ಪ್ರಶ್ನೆ: ನಮ್ಮದು ಚಿಕ್ಕ ಟೀಮ್. ಹಾಲು ಉತ್ಪಾದಕರ ಸಂಘಗಳಿಗೆ ಜಾವಾದಲ್ಲಿ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಬೆಳಿಗ್ಗೆ, ಸಂಜೆ ಹಾಲಿನ ಎಂಟ್ರಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ನೋಡಿ ದರ, ಆಮೇಲೆ ಬಟವಾಡೆ. ಈಗ ಒಳಗಿನ ಭಾಗವನ್ನು ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳೂ ಬಳಸಬಹುದಾದ ಸಿದ್ಧ ಕೋಡ್) ಮಾಡಿ ಬೇರೆ ಟೀಮ್‌ಗಳಿಗೂ ಕೊಡಬೇಕಾಗಿದೆ. ಮೆಥಡ್‌ಗಳ, ಅಂದರೆ ಹೆಸರು ಹಿಡಿದು ಕರೆಯುವ ಕೋಡಿನ ತುಂಡುಗಳ, ಹೆಸರಿನ ವಿಷಯದಲ್ಲಿ ದಿನಾ ಜಗಳ. ಒಬ್ಬರು ಚಿಕ್ಕದಾಗಿರಲಿ ಅಂತಾರೆ, ಇನ್ನೊಬ್ಬರು ಉದ್ದ ಆದರೂ ಪರವಾಗಿಲ್ಲ ಅಂತಾರೆ. ಈಗ ಇರುವುದು ಇವು: ‘ಗೆಟ್‌ರೇಟ್’, ‘ಅಪ್‌ಡೇಟ್‌ಎಂಟ್ರಿ’ (ಇದಕ್ಕೆ ಎರಡು ಟ್ರೂ–ಫಾಲ್ಸ್ ಕೊಡಬೇಕು: ದರ ಮತ್ತೆ ಲೆಕ್ಕ ಹಾಕಬೇಕಾ, ರೈತರಿಗೆ ಎಸ್‌ಎಂಎಸ್ ಹೋಗಬೇಕಾ), ‘ಚೆಕ್‌ಮೆಂಬರ್’, ‘ಗೆಟ್‌ಬಟವಾಡೆ’, ಮತ್ತೆ ದರ ಹಾಕಿ, ಡೇಟಾಬೇಸಿಗೆ ಬರೆದು, ಎಸ್‌ಎಂಎಸ್ ಕಳಿಸುವ ‘ಪ್ರೊಸೆಸ್’. ಹೆಸರಿಡುವುದಕ್ಕೆ ನಿಯಮ ಅಂತ ಏನಾದರೂ ಇದೆಯಾ? ಹಳೆಯ ಹೆಸರುಗಳನ್ನು ಈಗ ಬದಲಿಸಬಹುದಾ?

ಉತ್ತರ: ಚಿಕ್ಕದೋ ಉದ್ದವೋ ಅನ್ನುವ ಜಗಳವನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ ಹೆಸರನ್ನು ಯಾರು ಓದುತ್ತಾರೆ, ಓದುವಾಗ ಅವರ ಮುಂದೆ ಇನ್ನೇನು ಇರುತ್ತದೆ?

ಹೆಸರಿಡುವಾಗ ನಿಮ್ಮ ಎದುರಿಗೆ ಇಡೀ ಮೆಥಡ್ ಇರುತ್ತದೆ. ಪ್ಯಾರಾಮೀಟರ್‌ಗಳು (ಮೆಥಡ್‌ಗೆ ಕೊಡಬೇಕಾದ ಮೌಲ್ಯಗಳು), ಕಾಮೆಂಟ್, ಒಳಗಿನ ಕೋಡ್ ಎಲ್ಲವೂ ಕಾಣುತ್ತದೆ. ಹಾಗಾಗಿ ಯಾವ ಹೆಸರಿಟ್ಟರೂ ಸರಿಯಾಗೇ ಇದೆ ಅನಿಸುತ್ತದೆ. ಲೈಬ್ರರಿ ಬಳಸುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಅವರ ಫೈಲಿನಲ್ಲಿರುವುದು ನಿಮ್ಮ ಮೆಥಡ್ ಕರೆಯುವ ಒಂದು ಸಾಲು ಮಾತ್ರ. ಆರು ತಿಂಗಳ ನಂತರ ಆ ಫೈಲಿನಲ್ಲಿ ಬಗ್ ಹುಡುಕುವವರಿಗೂ ಅಷ್ಟೇ. ಆಪಲ್‌ನವರ ಸ್ವಿಫ್ಟ್ ಭಾಷೆಯ ಹೆಸರಿಡುವ ಮಾರ್ಗಸೂಚಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಇದೇ: ಬಳಸುವ ಜಾಗದಲ್ಲಿ ಅರ್ಥವಾಗಬೇಕು. ನನ್ನ ಕೇಳಿದರೆ ಉಳಿದ ನಿಯಮಗಳೆಲ್ಲ ಇದರ ಹಿಂದೆಯೇ ಬರುತ್ತವೆ.

ನಿಮ್ಮದೇ ಸಾಲು ನೋಡಿ. (ಕೋಡಿನ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ.)

ಅಪ್‌ಡೇಟ್‌ಎಂಟ್ರಿ(ಎಂಟ್ರಿ, ಟ್ರೂ, ಫಾಲ್ಸ್)

ಯಾವುದು ಟ್ರೂ? ಯಾವುದು ಫಾಲ್ಸ್? ನಿಮ್ಮ ಟೀಮಿನವರೇ ಒಮ್ಮೆ ಡೆಫಿನಿಷನ್‌ಗೆ ಹೋಗಿ ನೋಡಿ ಬರುತ್ತಾರೆ, ಅಲ್ವಾ? ಎರಡು ಬೂಲಿಯನ್ (ಟ್ರೂ–ಫಾಲ್ಸ್) ಅಂದರೆ ನಾಲ್ಕು ಥರ ಕರೆಯಬಹುದು. ಆದರೆ ಸಂಘದ ಕೆಲಸದಲ್ಲಿ ಎಂಟ್ರಿ ತಿದ್ದುವ ಸಂದರ್ಭಗಳನ್ನು ಕೂತು ಬರೆದರೆ ನಾಲ್ಕು ಸಿಗುವುದು ಕಷ್ಟ. ಒಂದು, ಫ್ಯಾಟ್ ರೀಡಿಂಗ್ ತಪ್ಪಾಗಿ ಬಿದ್ದಿತ್ತು, ಸರಿ ಮಾಡಬೇಕು. ಆಗ ದರ ಮತ್ತೆ ಲೆಕ್ಕ ಹಾಕಲೇಬೇಕು. ಎರಡು, ಒಬ್ಬರ ಹಾಲು ಇನ್ನೊಬ್ಬರ ಸದಸ್ಯ ನಂಬರಿಗೆ ಹೋಗಿತ್ತು. ಆಗ ದರ ಅದೇ ಇರುತ್ತದೆ, ಹೆಸರು ಮಾತ್ರ ಬದಲು. ಇವೆರಡೂ ಬೇರೆ ಬೇರೆ ಕೆಲಸ, ಹಾಗಾಗಿ ಎರಡು ಮೆಥಡ್: ‘ಕರೆಕ್ಟ್‌ರೀಡಿಂಗ್’, ‘ಮೂವ್‌ಟುಮೆಂಬರ್’. ಎಸ್‌ಎಂಎಸ್ ಇದರಲ್ಲಿ ಬೇಡ, ಬೇಕಾದವರು ಬೇರೆ ಕರೆಯಲಿ. ದರ ಮತ್ತೆ ಹಾಕಬೇಕಾ ಬೇಡವಾ ಅನ್ನುವ ತಲೆನೋವನ್ನು ಬಳಸುವವರ ಮೇಲೆ ಹಾಕಿದ್ದಿರಿ. ಅದು ಲೈಬ್ರರಿಯ ಕೆಲಸ. ಸರಿಯಾದ ಹೆಸರು ಹುಡುಕಲು ಹೋದಾಗ ಮೆಥಡ್‌ನ ಆಕಾರವೇ ಬದಲಾಗುವುದು ಹೀಗೆ.

‘ಗೆಟ್‌ರೇಟ್’ ಇನ್ನೂ ಸ್ವಾರಸ್ಯದ್ದು. ಕರೆಯುವ ಸಾಲು ಹೀಗಿರುತ್ತದೆ:

ಗೆಟ್‌ರೇಟ್(4.1, 8.5)

ಹಾಲಿನ ಲೆಕ್ಕ ಗೊತ್ತಿರುವವರು ಫ್ಯಾಟ್ 4.1, ಎಸ್‌ಎನ್‌ಎಫ್ 8.5 ಅಂತ ಊಹಿಸುತ್ತಾರೆ. ಕೋಡನ್ನು ಪರೀಕ್ಷಿಸಿ ಓಡುವ ರೂಪಕ್ಕೆ ತರುವ ಕಂಪೈಲರ್‌ಗೆ ಹಾಲಿನ ಲೆಕ್ಕ ಗೊತ್ತಿಲ್ಲ. ಅದಕ್ಕೆ ಎರಡೂ ಬರೀ ದಶಮಾಂಶ ಸಂಖ್ಯೆ. ಯಾರಾದರೂ ಅದಲು ಬದಲು ಮಾಡಿ ಕೊಟ್ಟರೆ ಅದು ತುಟಿ ಬಿಚ್ಚುವುದಿಲ್ಲ. ಅದೃಷ್ಟ ಇದ್ದರೆ ಎಸ್‌ಎನ್‌ಎಫ್ 4.1 ದರಪಟ್ಟಿಯಲ್ಲಿ ಸಿಗದೆ ಎರರ್ ಬರುತ್ತದೆ. ಇಲ್ಲದಿದ್ದರೆ ಯಾವುದೋ ದರ ಬಂದು ಬಟವಾಡೆಗೇ ಹೋಗುತ್ತದೆ. ಇದು ಹೊಸಬರಷ್ಟೇ ಮಾಡುವ ತಪ್ಪಲ್ಲ. ಪಿಎಚ್‌ಪಿಯಲ್ಲಿ ‘ಸ್ಟ್ರ್‌ಪಾಸ್’ ಫಂಕ್ಷನ್‌ಗೆ ಮೊದಲು ಎಲ್ಲಿ ಹುಡುಕಬೇಕು ಅನ್ನುವುದನ್ನು ಕೊಡಬೇಕು, ಆಮೇಲೆ ಏನನ್ನು ಹುಡುಕಬೇಕು ಅನ್ನುವುದನ್ನು. ‘ಇನ್‌ಅರೇ’ ಫಂಕ್ಷನ್‌ಗೆ ಉಲ್ಟಾ. ವರ್ಷಗಟ್ಟಲೆ ಪಿಎಚ್‌ಪಿ ಬರೆದವರೂ ಪ್ರತಿ ಸಲ ಮ್ಯಾನ್ಯುಯಲ್ ತೆಗೆಯುತ್ತಾರೆ.

ಪೈಥಾನ್, ಕೋಟ್ಲಿನ್‌ನಂಥ ಭಾಷೆಗಳಲ್ಲಿ ಪ್ಯಾರಾಮೀಟರ್ ಹೆಸರನ್ನು ಕರೆಯುವ ಸಾಲಿನಲ್ಲೇ ಬರೆಯಬಹುದು. ಪಿಎಚ್‌ಪಿಗೂ 2020ರಲ್ಲಿ, 8ನೇ ಆವೃತ್ತಿಯಲ್ಲಿ ಆ ಸೌಕರ್ಯ ಬಂತು. ಜಾವಾದಲ್ಲಿ ಇಲ್ಲ. ಹಾಗಾಗಿ ನೀವು ಟೈಪ್‌ಗಳ (ಮೌಲ್ಯ ಯಾವ ಬಗೆಯದು ಅನ್ನುವ ಗುರುತು) ಸಹಾಯ ತೆಗೆದುಕೊಳ್ಳಬೇಕು. ಜಾವಾ 16ರಿಂದ ರೆಕಾರ್ಡ್ (ಚಿಕ್ಕದಾಗಿ ಹೊಸ ಟೈಪ್ ಬರೆಯುವ ದಾರಿ) ಇದೆ, ಒಂದೊಂದು ಸಾಲಿನಲ್ಲಿ ‘ಫ್ಯಾಟ್’, ‘ಎಸ್‌ಎನ್‌ಎಫ್’ ಎಂಬ ಎರಡು ಪುಟ್ಟ ಟೈಪ್ ಮಾಡಿಬಿಡಿ. ಆಮೇಲೆ ಅದಲು ಬದಲಾದರೆ ಕೋಡ್ ಕಂಪೈಲ್ ಆಗುವುದೇ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ರೇಟ್ ಅಂದರೆ ಯಾವುದಕ್ಕೆ? ಲೀಟರಿಗೋ, ಕೆ.ಜಿ.ಗೋ? ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಎರಡನ್ನೂ ಒಂದೇ ಅಂದುಕೊಂಡರೆ ನೂರಕ್ಕೆ ಮೂರರಷ್ಟು ವ್ಯತ್ಯಾಸ ಬರುತ್ತದೆ. ಎದ್ದು ಕಾಣುವಷ್ಟು ದೊಡ್ಡದಲ್ಲ, ಸುಮ್ನೆ ಬಿಡುವಷ್ಟು ಚಿಕ್ಕದೂ ಅಲ್ಲ. ಇಂಥ ತಪ್ಪೇ ಜಾಸ್ತಿ ದಿನ ಸಿಗದೆ ಉಳಿಯುವುದು. ‘ರೇಟ್‌ಪರ್‌ಲೀಟರ್’ ಅಂತ ಹೆಸರಿಡಿ. ಅಳತೆ ಇರುವ ಕಡೆಯಲ್ಲೆಲ್ಲ ಅಳತೆಯ ಘಟಕ ಹೆಸರಿನಲ್ಲೋ ಟೈಪ್‌ನಲ್ಲೋ ಕಾಣಬೇಕು. ಜಾವಾದ ‘ಥ್ರೆಡ್.ಸ್ಲೀಪ್(5)’ ಐದು ಸೆಕೆಂಡ್ ಅಲ್ಲ, ಐದು ಮಿಲಿಸೆಕೆಂಡ್. ಅದೇ ‘ಟೈಮ್‌ಯೂನಿಟ್.ಸೆಕೆಂಡ್ಸ್.ಸ್ಲೀಪ್(5)’ ಅಂದರೆ ಯಾರಿಗೂ ಅನುಮಾನ ಬರಲ್ಲ.

ಜಾವಾದ ಸ್ವಂತ ಮನೆಯೊಳಗಿನ ಒಂದು ಹೊಂಡವನ್ನೂ ತೋರಿಸುತ್ತೇನೆ, ನಿಮ್ಮ ಕೆಲಸಕ್ಕೆ ಹತ್ತಿರದ್ದು. ಸದಸ್ಯ ನಂಬರ್‌ಗಳ ಒಂದು ಲಿಸ್ಟ್ ಇದೆ ಅನ್ನಿ, ಇಂಟಿಜರ್‌ಗಳದ್ದು. ‘ಲಿಸ್ಟ್.ರಿಮೂವ್(12)’ ಅಂತ ಬರೆದರೆ 12ನೇ ನಂಬರಿನ ಸದಸ್ಯ ಹೋಗುವುದಿಲ್ಲ. ಸೊನ್ನೆಯಿಂದ ಎಣಿಸಿ 12ನೇ ಜಾಗದಲ್ಲಿ ಯಾರಿದ್ದಾರೋ ಅವರು ಹೋಗುತ್ತಾರೆ. ಯಾಕೆಂದರೆ ಒಂದೇ ಹೆಸರಿನಲ್ಲಿ ಎರಡು ಮೆಥಡ್ ಇವೆ. ಒಂದು ಜಾಗ ಹೇಳಿದರೆ ತೆಗೆಯುತ್ತದೆ, ಇನ್ನೊಂದು ವಸ್ತು ಕೊಟ್ಟರೆ ತೆಗೆಯುತ್ತದೆ. ಸ್ವಿಫ್ಟ್‌ನಲ್ಲಿ ‘ರಿಮೂವ್(ಅಟ್: 12)’ ಅಂತ ಬರೆಯಬೇಕು. ಆ ‘ಅಟ್’ ಇರುವುದರಿಂದ ಗೊಂದಲವಿಲ್ಲ. ಹಾಗಾಗಿ ನಿಮ್ಮ ಲೈಬ್ರರಿಯಲ್ಲಿ ಒಂದೇ ಹೆಸರಿಗೆ ಎರಡು ಅರ್ಥ ಬರುವ ಓವರ್‌ಲೋಡ್ (ಒಂದೇ ಹೆಸರಿನ ಹಲವು ಮೆಥಡ್) ಇಡಬೇಡಿ. ಒಂದೇ ಕೆಲಸವನ್ನು ಬೇರೆ ಬೇರೆ ಟೈಪ್‌ನಿಂದ ಮಾಡುವ ಓವರ್‌ಲೋಡ್ ಆದರೆ ತೊಂದರೆಯಿಲ್ಲ.

ಈಗ ಹಣದ ವಿಷಯ. ಬಟವಾಡೆ ಲೆಕ್ಕಕ್ಕೆ ನೀವು ‘ಬಿಗ್‌ಡೆಸಿಮಲ್’ ಬಳಸುತ್ತಿದ್ದೀರಿ ಅಂದುಕೊಂಡಿದ್ದೇನೆ. ದಶಮಾಂಶ ಪೂರ್ತಿ ನಿಖರವಾಗಿ ಉಳಿಯದ ಡಬಲ್ ಟೈಪ್ ಬಳಸುತ್ತಿದ್ದರೆ ಹೆಸರಿನ ಜಗಳ ನಿಲ್ಲಿಸಿ ಮೊದಲು ಅದನ್ನು ಸರಿಮಾಡಿ. ಬಿಗ್‌ಡೆಸಿಮಲ್‌ನಲ್ಲಿ ‘ಟೋಟಲ್.ಆಡ್(ಅಮೌಂಟ್)’ ಅಂತ ಬರೆದು ಬಿಟ್ಟರೆ ಟೋಟಲ್ ಹಾಗೇ ಇರುತ್ತದೆ. ಆಡ್ ಮೆಥಡ್ ಹೊಸ ಮೊತ್ತವನ್ನು ವಾಪಸ್ ಕೊಡುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ಲಿಸ್ಟ್‌ನ ‘ಆಡ್’ ಮಾತ್ರ ಲಿಸ್ಟನ್ನೇ ಬದಲಿಸುತ್ತದೆ. ಪದ ಒಂದೇ, ನಡವಳಿಕೆ ಎರಡು. ಲೂಪ್ ಪೂರ್ತಿ ಓಡಿದರೂ ಮೊತ್ತ ಸೊನ್ನೆ ಬಂತು ಅಂತ ತಲೆ ಕೆರೆದುಕೊಂಡ ಜಾವಾ ಪ್ರೋಗ್ರಾಮರ್‌ಗಳು ಊರಿಗೊಬ್ಬರಾದರೂ ಸಿಗುತ್ತಾರೆ.

2014ರಲ್ಲಿ ಜಾವಾ 8 ಜೊತೆ ತಾರೀಖು–ಸಮಯಕ್ಕೆ ಹೊಸ ಪ್ಯಾಕೇಜ್ ಬಂದಾಗ ಇದನ್ನು ಚೆನ್ನಾಗಿ ಯೋಚಿಸಿದ್ದರು. ಅಲ್ಲಿ ‘ಆಡ್‌ಡೇಸ್’ ಇಲ್ಲ, ‘ಪ್ಲಸ್‌ಡೇಸ್’ ಇದೆ. ‘ಸೆಟ್‌ಇಯರ್’ ಇಲ್ಲ, ‘ವಿತ್‌ಇಯರ್’ ಇದೆ. ಐದಕ್ಕೆ ಮೂರು ಕೂಡಿಸಿದರೆ ಐದೇನೂ ಬದಲಾಗಲ್ಲವಲ್ಲ, ಹಾಗೆಯೇ ‘ಪ್ಲಸ್’ ಅಂದ ಕೂಡಲೇ ಹೊಸದೊಂದು ಬರುತ್ತದೆ ಅನ್ನುವ ಭಾವನೆ ಮೂಡುತ್ತದೆ. ಪೈಥಾನ್‌ನಲ್ಲಿ ‘ಸಾರ್ಟ್’ ಇದ್ದ ಲಿಸ್ಟನ್ನೇ ಜೋಡಿಸುತ್ತದೆ, ‘ಸಾರ್ಟೆಡ್’ ಹೊಸ ಲಿಸ್ಟ್ ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನ ‘ಸಾರ್ಟ್’ ಇದ್ದದ್ದನ್ನೇ ಬದಲಿಸಿ ಅದನ್ನೇ ವಾಪಸ್ ಕೊಡುತ್ತದೆ. ಹಾಗಾಗಿ ಹೊಸದು ಸಿಕ್ಕಿತು ಅಂತಲೇ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅಲ್ಲಿ 2023ರಲ್ಲಿ ‘ಟುಸಾರ್ಟೆಡ್’ ಅಂತ ಬೇರೆಯದನ್ನೇ ಸೇರಿಸಬೇಕಾಯಿತು. ಬದಲಿಸುವುದಕ್ಕೆ ಒಂದು ರೂಪ, ಹೊಸದು ಕೊಡುವುದಕ್ಕೆ ಒಂದು ರೂಪ. ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಲೈಬ್ರರಿ ತುಂಬ ಅದನ್ನೇ ಪಾಲಿಸಿ.

‘ಗೆಟ್‌ಬಟವಾಡೆ’ಗೆ ಬರೋಣ. ಜಾವಾದಲ್ಲಿ ‘ಗೆಟ್’ ಅಂದರೆ ಇರುವುದನ್ನು ಎತ್ತಿ ಕೊಡುತ್ತೇನೆ, ಖರ್ಚಿಲ್ಲ, ಎಷ್ಟು ಸಲ ಬೇಕಾದರೂ ಕರಿ ಅನ್ನುವ ಮಾತು. ನಿಮ್ಮದು ಇಡೀ ಅವಧಿಯ ಎಂಟ್ರಿಗಳನ್ನು ಡೇಟಾಬೇಸಿನಿಂದ ತಂದು ಕೂಡುತ್ತದೆ ಅಂತ ನನ್ನ ಊಹೆ. ಹಾಗಿದ್ದರೆ ಅದು ‘ಕ್ಯಾಲ್ಕುಲೇಟ್‌ಬಟವಾಡೆ’. ಇದು ಬರೀ ಶಿಸ್ತಿನ ಮಾತಲ್ಲ. ಜಾವಾದಲ್ಲಿ ಆಬ್ಜೆಕ್ಟ್‌ಗಳನ್ನು ಜೇಸನ್ (ಪ್ರೋಗ್ರಾಮ್‌ಗಳ ನಡುವೆ ಡೇಟಾ ಕಳಿಸುವ ಪಠ್ಯ ರೂಪ) ಮಾಡಲು ಜಾಕ್ಸನ್ ಲೈಬ್ರರಿ ಬಳಸುವವರೇ ಜಾಸ್ತಿ. ಪ್ಯಾರಾಮೀಟರ್ ಇಲ್ಲದ, ‘ಗೆಟ್’ನಿಂದ ಶುರುವಾಗುವ ಪಬ್ಲಿಕ್ ಮೆಥಡ್‌ಗಳನ್ನೆಲ್ಲ ಜಾಕ್ಸನ್ ತಾನಾಗಿಯೇ ಕರೆಯುತ್ತದೆ. ಯಾರೋ ಸದಸ್ಯರ ಪಟ್ಟಿಯನ್ನು ಮೊಬೈಲ್ ಆ್ಯಪ್‌ಗೆ ಕಳಿಸಲು ಹೋದರೆ ಒಬ್ಬೊಬ್ಬರ ಬಟವಾಡೆಯೂ ಹಿಂದಿನಿಂದ ಲೆಕ್ಕವಾಗುತ್ತಾ ಕೂರುತ್ತದೆ. ಆ್ಯಪ್ ಯಾಕೆ ನಿಧಾನ ಅಂತ ಹುಡುಕುವವರಿಗೆ ಈ ‘ಗೆಟ್’ ಮೇಲೆ ಅನುಮಾನವೇ ಬರಲ್ಲ. ಹೆಸರು ಖರ್ಚನ್ನು ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಜಾವಾದ ಹಳೆಯ ಉದಾಹರಣೆಯೂ ಇದೆ. ‘ಯುಆರ್‌ಎಲ್’ ಕ್ಲಾಸಿನ ‘ಈಕ್ವಲ್ಸ್’ ಎರಡು ವಿಳಾಸ ಒಂದೇನಾ ಅಂತ ನೋಡಲು ನೆಟ್‌ವರ್ಕ್‌ಗೆ ಹೋಗಿ ಹೋಸ್ಟ್‌ನ ಐಪಿ ಕೇಳಿ ಬರಬಹುದು. ‘ಈಕ್ವಲ್ಸ್’ ಓದಿದ ಯಾರಾದರೂ ಇದನ್ನು ನಿರೀಕ್ಷಿಸುತ್ತಾರಾ?

‘ಚೆಕ್‌ಮೆಂಬರ್’ ನಿಮ್ಮ ಪಟ್ಟಿಯಲ್ಲಿ ಅತ್ಯಂತ ಕೆಟ್ಟ ಹೆಸರು. ‘ಪ್ರೊಸೆಸ್’ಗಿಂತಲೂ. ‘ಪ್ರೊಸೆಸ್’ ಏನೂ ಹೇಳುವುದಿಲ್ಲ ಅನ್ನುವುದಾದರೂ ಓದಿದ ಕೂಡಲೇ ಗೊತ್ತಾಗುತ್ತದೆ. ‘ಚೆಕ್’ ಏನೋ ಹೇಳಿದ ಹಾಗೆ ಇರುತ್ತದೆ. ಸದಸ್ಯತ್ವ ಇಲ್ಲದಿದ್ದರೆ ಏನು ಮಾಡುತ್ತದೆ? ಫಾಲ್ಸ್ ಕೊಡುತ್ತದಾ, ಎಕ್ಸೆಪ್ಷನ್ ಎಸೆಯುತ್ತದಾ (ಅಂದರೆ ತಪ್ಪು ಅಂತ ಸಾರಿ ಕೆಲಸ ಅಲ್ಲೇ ನಿಲ್ಲಿಸುತ್ತದಾ)? ಎಕ್ಸೆಪ್ಷನ್ ಬರುತ್ತದೆ ಅಂದುಕೊಂಡವರು ವಾಪಸ್ ಬಂದ ಫಾಲ್ಸ್ ಅನ್ನು ನೋಡದೆ ಮುಂದೆ ಹೋಗುತ್ತಾರೆ, ಸದಸ್ಯರಲ್ಲದವರ ಹಾಲೂ ಎಂಟ್ರಿ ಆಗುತ್ತದೆ. ಹೌದು–ಇಲ್ಲ ಉತ್ತರ ಬೇಕಾದರೆ ‘ಈಸ್‌ಆ್ಯಕ್ಟಿವ್‌ಮೆಂಬರ್’ ಅನ್ನಿ. ಇಲ್ಲದಿದ್ದರೆ ನಿಲ್ಲಿಸಿಬಿಡಬೇಕು ಅಂದರೆ ‘ರಿಕ್ವೈರ್‌ಆ್ಯಕ್ಟಿವ್‌ಮೆಂಬರ್’ ಅನ್ನಿ. ಜಾವಾದಲ್ಲೇ ‘ರಿಕ್ವೈರ್‌ನಾನ್‌ನಲ್’ ಇರುವುದರಿಂದ ‘ರಿಕ್ವೈರ್’ ಅಂದರೆ ಎಕ್ಸೆಪ್ಷನ್ ಬರುತ್ತದೆ ಅನ್ನುವುದು ಎಲ್ಲರಿಗೂ ರೂಢಿಯಾಗಿದೆ. ಎರಡೂ ಬೇಕಾದರೆ ಎರಡೂ ಇರಲಿ.

ಪ್ರಶ್ನೆ ಕೇಳುವ ಹಾಗೆ ಹೆಸರಿದ್ದರೆ ಅದು ಪ್ರಶ್ನೆಯನ್ನಷ್ಟೇ ಕೇಳಬೇಕು. ಜಾವಾದ ಥ್ರೆಡ್ ಕ್ಲಾಸಿನಲ್ಲಿ ‘ಈಸ್‌ಇಂಟರಪ್ಟೆಡ್’ ಅಂತ ಒಂದಿದೆ, ‘ಇಂಟರಪ್ಟೆಡ್’ ಅಂತ ಇನ್ನೊಂದಿದೆ. ಮೊದಲನೆಯದು ಥ್ರೆಡ್‌ಗೆ (ಪ್ರೋಗ್ರಾಮಿನೊಳಗೆ ಓಡುವ ಒಂದು ಕೆಲಸದ ಎಳೆ) ತಡೆಯ ಸೂಚನೆ ಬಂದಿದೆಯಾ ಅನ್ನುವ ಸ್ಥಿತಿ ಹೇಳುತ್ತದೆ. ಎರಡನೆಯದು ಸ್ಥಿತಿ ಹೇಳಿ, ಜೊತೆಗೆ ಅದನ್ನು ಅಳಿಸಿಯೂ ಹಾಕುತ್ತದೆ! ಇನ್ನೊಂದು ಸಲ ಕೇಳಿದರೆ ಉತ್ತರ ಬೇರೆ. ಅಳಿಸುತ್ತದೆ ಅನ್ನುವ ಸುಳಿವು ಆ ಹೆಸರಿನಲ್ಲಿ ಎಲ್ಲೂ ಇಲ್ಲ.

ಸಿಗದಿದ್ದರೆ ಏನು ಅನ್ನುವುದೂ ಹೆಸರಿನಿಂದ ತಿಳಿಯಬೇಕು. ಜಾವಾದ ಕ್ಯೂ (ಸರದಿ ಸಾಲು) ಇಂಟರ್‌ಫೇಸ್‌ನಲ್ಲಿ ಮೂರು ಜೋಡಿಗಳಿವೆ: ‘ಆಡ್’–‘ಆಫರ್’, ‘ರಿಮೂವ್’–‘ಪೋಲ್’, ‘ಎಲಿಮೆಂಟ್’–‘ಪೀಕ್’. ಪ್ರತಿ ಜೋಡಿಯಲ್ಲೂ ಮೊದಲನೆಯದು ಆಗದಿದ್ದರೆ ಎಕ್ಸೆಪ್ಷನ್ ಎಸೆಯುತ್ತದೆ, ಎರಡನೆಯದು ಎಸೆಯುವುದಿಲ್ಲ. ಯೋಚನೆ ಒಳ್ಳೆಯದೇ. ಆದರೆ ಆರು ಪದಗಳಲ್ಲಿ ಯಾವುದು ಯಾವ ಗುಂಪು ಅಂತ ನೆನಪಿಡುವುದು ಯಾರಿಗೆ ಆಗುತ್ತದೆ? ಸಿ ಶಾರ್ಪ್‌ನವರು ‘ಪಾರ್ಸ್’, ‘ಟ್ರೈಪಾರ್ಸ್’ ಅಂತ ಮುಂದೆ ಒಂದು ‘ಟ್ರೈ’ ಸೇರಿಸಿ ಕೆಲಸ ಮುಗಿಸಿದರು. ನನಗೆ ಅದೇ ಇಷ್ಟ. ಜಾವಾದಲ್ಲಿ ‘ಫೈಂಡ್‌ಮೆಂಬರ್’ ಆಪ್ಷನಲ್ (ಖಾಲಿಯೂ ಇರಬಹುದಾದ ಡಬ್ಬಿ) ವಾಪಸ್ ಕೊಡಲಿ, ‘ಗೆಟ್‌ಮೆಂಬರ್’ ಸಿಗದಿದ್ದರೆ ಎಕ್ಸೆಪ್ಷನ್ ಎಸೆಯಲಿ ಅನ್ನುವ ರೂಢಿ ಬಹಳ ಟೀಮ್‌ಗಳಲ್ಲಿದೆ, ನೀವೂ ಹಾಗೇ ಮಾಡಬಹುದು.

‘ಪ್ರೊಸೆಸ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ದರ, ಡೇಟಾಬೇಸ್, ಎಸ್‌ಎಂಎಸ್ ಅಂತ ಮೂರು ಕೆಲಸ ಅಂತ ನೀವೇ ಬರೆದಿದ್ದೀರಿ. ಮೂರು ಕೆಲಸಕ್ಕೆ ಒಂದು ಒಳ್ಳೆಯ ಹೆಸರು ಸಿಗುವುದಿಲ್ಲ. ಒಡೆಯಿರಿ. ಮೂರನ್ನೂ ಒಟ್ಟಿಗೆ ಮಾಡುವ ಒಂದು ಬೇಕೇ ಬೇಕು ಅಂದರೆ ‘ರೆಕಾರ್ಡ್‌ಅಂಡ್‌ನೋಟಿಫೈ’ ಅಂತ ಇಡಿ. ‘ಅಂಡ್’ ಇರುವ ಹೆಸರು ಚಂದ ಕಾಣಲ್ಲ, ಆದರೆ ಎಸ್‌ಎಂಎಸ್ ಹೋಗುತ್ತದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಟೆಸ್ಟ್ ಮಾಡುವಾಗ ಊರಿನವರಿಗೆಲ್ಲ ಮೆಸೇಜ್ ಹೋಗುವುದು ತಪ್ಪುತ್ತದೆ.

‘ಬಟವಾಡೆ’ ಅನ್ನುವ ಪದವನ್ನು ಹಾಗೇ ಇಟ್ಟುಕೊಂಡಿರುವುದು ಒಳ್ಳೆಯ ಕೆಲಸ. ಅದನ್ನು ‘ಪೇಮೆಂಟ್’ ಮಾಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಂಘದ ಕಾರ್ಯದರ್ಶಿ ಫೋನ್ ಮಾಡಿ ಬಟವಾಡೆ ತಪ್ಪಾಗಿದೆ ಅಂದಾಗ ಕೋಡಿನಲ್ಲೂ ಅದೇ ಪದ ಹುಡುಕಿದರೆ ಸಿಗಬೇಕು. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಸ್ಪೆಲಿಂಗ್ ಒಂದೇ ಇರುವಂತೆ ನೋಡಿಕೊಳ್ಳಿ. ಒಬ್ಬರು ‘ವಿ’ ಹಾಕಿ, ಇನ್ನೊಬ್ಬರು ‘ಡಬ್ಲ್ಯೂ’ ಹಾಕಿ ಬರೆದರೆ ಸರ್ಚ್‌ನಲ್ಲಿ ಅರ್ಧವೇ ಸಿಗುತ್ತದೆ. ಹೊರಗೆ ಹೋದ ಸ್ಪೆಲಿಂಗ್ ವಾಪಸ್ ಬರುವುದಿಲ್ಲ. ಯಾವ ಪುಟದಿಂದ ಬಂದಿರಿ ಅಂತ ಬ್ರೌಸರ್ ಸೈಟ್‌ಗೆ ಹೇಳುವ ‘ರೆಫರರ್’ ಹೆಡರ್‌ನಲ್ಲಿ ಒಂದು ‘ಆರ್’ ಬಿಟ್ಟುಹೋದದ್ದು 1996ರ ಎಚ್‌ಟಿಟಿಪಿ ದಾಖಲೆಯಲ್ಲೇ ಸೇರಿಕೊಂಡಿತು. ಇವತ್ತಿಗೂ ಪ್ರತಿಯೊಂದು ಬ್ರೌಸರ್ ಅದೇ ತಪ್ಪು ಸ್ಪೆಲಿಂಗ್ ಕಳಿಸುತ್ತದೆ.

ಇನ್ನು ನಿಮ್ಮ ಚಿಕ್ಕದು–ಉದ್ದದ ಜಗಳ. ದಿನಕ್ಕೆ ನೂರು ಸಲ ಕರೆಯುವ, ಅಪಾಯವಿಲ್ಲದ ಮೆಥಡ್‌ಗೆ ಚಿಕ್ಕ ಹೆಸರು ಸಾಕು. ಅಪರೂಪಕ್ಕೆ ಕರೆಯುವ, ಕರೆದರೆ ಹಿಂದಿರುಗಿ ಬರಲಾಗದ ಮೆಥಡ್‌ಗೆ ಹೆಸರು ಉದ್ದ ಇದ್ದರೇ ಒಳ್ಳೆಯದು. ವೆಬ್ ಪುಟ ಕಟ್ಟುವ ರಿಯಾಕ್ಟ್ ಲೈಬ್ರರಿಯಲ್ಲಿ ಹೊರಗಿನ ಎಚ್‌ಟಿಎಂಎಲ್ ಅನ್ನು ನೇರವಾಗಿ ಪುಟಕ್ಕೆ ಸೇರಿಸುವ ಪ್ರಾಪ್‌ನ ಹೆಸರು ‘ಡೇಂಜರಸ್ಲಿಸೆಟ್‌ಇನ್ನರ್‌ಎಚ್‌ಟಿಎಂಎಲ್’. ಟೈಪ್ ಮಾಡುವವರ ಕೈ ಒಂದು ಕ್ಷಣ ತಡೆಯಲಿ ಅಂತಲೇ ಹಾಗೆ ಇಟ್ಟಿದ್ದಾರೆ. ನಿಮ್ಮಲ್ಲಿ ಒಂದು ಪಾಳಿಯ ಎಲ್ಲ ಎಂಟ್ರಿ ಅಳಿಸುವ ಮೆಥಡ್ ಇದ್ದರೆ ಅದು ‘ಕ್ಲಿಯರ್’ ಆಗಿರಬಾರದು, ‘ಡಿಲೀಟ್‌ಆಲ್‌ಎಂಟ್ರೀಸ್‌ಆಫ್‌ಶಿಫ್ಟ್’ ಆಗಿರಲಿ. ಆದರೆ ‘ಮೆಂಬರ್’ ಕ್ಲಾಸಿನೊಳಗೆ ‘ಗೆಟ್‌ಮೆಂಬರ್‌ನೇಮ್’ ಬೇಡ, ‘ಮೆಂಬರ್.ಗೆಟ್‌ನೇಮ್’ ಅಂತ ಓದುವಾಗಲೇ ಗೊತ್ತಾಗುತ್ತದೆ. ನಿಮ್ಮಿಬ್ಬರು ಸಹೋದ್ಯೋಗಿಗಳೂ ಅರ್ಧರ್ಧ ಸರಿ.

ಹಳೆಯ ಹೆಸರು ಬದಲಿಸಬಹುದಾ? ಈಗ ಬದಲಿಸಬಹುದು. ಕೊಟ್ಟ ಮೇಲೆ ಕಷ್ಟ. ಜಾವಾದ ಹಳೆಯ ‘ಡೇಟ್’ ಕ್ಲಾಸಿನಲ್ಲಿ ‘ಗೆಟ್‌ಇಯರ್’ ಅಂತ ಇದೆ. 2024ಕ್ಕೆ ಅದು ಕೊಡುವ ಉತ್ತರ 124, ಯಾಕೆಂದರೆ 1900 ಕಳೆದು ಹೇಳುತ್ತದೆ. 1997ರ ಜಾವಾ 1.1ರಲ್ಲೇ ಅದನ್ನು ಬಳಸಬೇಡಿ ಅಂತ ಗುರುತು ಹಾಕಿದರು. ಮೆಥಡ್ ಇನ್ನೂ ಅಲ್ಲೇ ಇದೆ. ಜಾವಾಸ್ಕ್ರಿಪ್ಟ್‌ನಲ್ಲಂತೂ ಬೇರೆಯವರ ಹೆಸರಿಗೂ ತಲೆ ಬಾಗಬೇಕಾಯಿತು. ಅರೇಗಳಿಗೆ ‘ಫ್ಲಾಟನ್’ ಅಂತ ಮೆಥಡ್ ಸೇರಿಸಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಮೊದಲೇ ಬಳಸಿದ್ದರಿಂದ ಹಳೆಯ ಸೈಟ್‌ಗಳು ಕೆಡುತ್ತವೆ ಅಂತ ಗೊತ್ತಾಯಿತು. 2018ರಲ್ಲಿ ದೊಡ್ಡ ವಾದವೇ ನಡೆದು, ಕೊನೆಗೆ ಹೆಸರು ‘ಫ್ಲಾಟ್’ ಅಂತಾಯಿತು.

ನಿಮ್ಮ ಲೈಬ್ರರಿಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಕರೆಯುವ ಕೋಡೆಲ್ಲ ನಿಮ್ಮ ರೆಪಾಸಿಟರಿಯಲ್ಲೇ ಇದ್ದರೆ ಐಡಿಇಯ (ಕೋಡ್ ಬರೆಯುವ ಸಾಫ್ಟ್‌ವೇರ್) ರಿನೇಮ್ ಕೊಟ್ಟು ಒಂದೇ ಸಲ ಮುಗಿಸಿ. ಎಚ್ಚರ ಬೇಕಾಗಿರುವುದು ಒಂದು ಕಡೆ. ಜಾಕ್ಸನ್ ಜೇಸನ್‌ನ ಕೀಗಳನ್ನು ‘ಗೆಟ್’ ಮೆಥಡ್‌ಗಳ ಹೆಸರಿನಿಂದಲೇ ಮಾಡುತ್ತದೆ. ‘ಗೆಟ್‌ಫ್ಯಾಟ್’ ಅನ್ನು ‘ಗೆಟ್‌ಫ್ಯಾಟ್‌ಪರ್ಸೆಂಟ್’ ಮಾಡಿದರೆ ಜಾವಾ ಕೋಡ್ ಕಂಪೈಲ್ ಆಗುತ್ತದೆ, ಐಡಿಇಯೂ ಖುಷಿಯಾಗಿರುತ್ತದೆ. ಆದರೆ ಮೊಬೈಲ್ ಆ್ಯಪ್ ‘ಫ್ಯಾಟ್’ ಕೀ ಹುಡುಕಿ ಖಾಲಿ ಕೈಯಲ್ಲಿ ನಿಲ್ಲುತ್ತದೆ. ಹೆಸರು ಬದಲಿಸುವ ಮೊದಲು ಹಳೆಯ ಕೀಯನ್ನು ‘ಜೇಸನ್‌ಪ್ರಾಪರ್ಟಿ’ ಅನೊಟೇಷನ್‌ನಿಂದ ಕಟ್ಟಿಹಾಕಿ. ರಿಫ್ಲೆಕ್ಷನ್‌ನಿಂದ, ಅಂದರೆ ಸ್ಟ್ರಿಂಗ್‌ನಲ್ಲಿ ಹೆಸರು ಬರೆದು ಕರೆಯುವ ಜಾಗಗಳಿದ್ದರೆ ಅವನ್ನೂ ಕೈಯಲ್ಲೇ ಹುಡುಕಬೇಕು.

ಕೊಟ್ಟ ಮೇಲೆ ಬದಲಿಸಬೇಕಾಗಿ ಬಂದರೆ ಹೊಸ ಹೆಸರಿನ ಮೆಥಡ್ ಸೇರಿಸಿ, ಹಳೆಯದು ಒಳಗಿನಿಂದ ಹೊಸದನ್ನೇ ಕರೆಯಲಿ. ಹಳೆಯದಕ್ಕೆ ‘ಡೆಪ್ರಿಕೇಟೆಡ್’ ಗುರುತು ಹಾಕಿ, ಬದಲಿಗೆ ಯಾವುದು ಬಳಸಬೇಕು ಅಂತ ಅಲ್ಲೇ ಬರೆಯಿರಿ. ಜಾವಾ 9ರಿಂದ ಆ ಗುರುತಿನಲ್ಲಿ ‘ಫಾರ್‌ರಿಮೂವಲ್’ ಅಂತಲೂ ಹೇಳಬಹುದು. ಆಗ ಕಂಪೈಲರ್ ಎಚ್ಚರಿಕೆ ಜೋರಾಗಿಯೇ ಬರುತ್ತದೆ. ತೆಗೆಯುವುದು ಮುಂದಿನ ದೊಡ್ಡ ಆವೃತ್ತಿಯಲ್ಲಿ.

ಸದ್ಯಕ್ಕೆ ‘ಅಪ್‌ಡೇಟ್‌ಎಂಟ್ರಿ’ ಮತ್ತು ‘ಗೆಟ್‌ರೇಟ್’ ಎರಡನ್ನು ಮೊದಲು ಹಿಡಿಯಿರಿ, ಅವುಗಳಲ್ಲಿ ಪ್ಯಾರಾಮೀಟರ್‌ಗಳೇ ಬದಲಾಗಬೇಕು. ಉಳಿದವುಗಳಿಗೆ ಹೆಸರು ಯೋಚಿಸುವ ಮೊದಲು ಯಾವುದು ನಿಜವಾಗಿ ಪಬ್ಲಿಕ್ ಆಗಿರಬೇಕು ಅಂತ ನೋಡಿ. ಹೊರಗಿನವರಿಗೆ ಬೇಡದ್ದನ್ನೆಲ್ಲ ಪ್ಯಾಕೇಜಿನೊಳಗೇ ಇಟ್ಟುಬಿಡಿ. ಅವುಗಳ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು, ಅವುಗಳ ಬಗ್ಗೆ ಇವತ್ತು ಜಗಳ ಆಡುವ ಅಗತ್ಯವೂ ಇಲ್ಲ.